ತಿರುವು ಎಲ್ಲಿತ್ತು?

ನಮ್ಮ ನಡುಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕಿರುವ ಮೊಳೆಗೆ ಒಂದು ಪದಕವೂ ನೇತುಬಿದ್ದಿದೆ. ಹಿತ್ತಾಳೆಯ ಬಣ್ಣ ಬಳಿದ ತೆಳುವಾದ ಬಿಲ್ಲೆ. ಅದಕ್ಕೊಂದು ತ್ರಿವರ್ಣದ ಪಟ್ಟಿ. ಅಂಗಡಿಯಲ್ಲಿ ಕೊಂಡರೆ ಅದರ ಬೆಲೆ ನಲವತ್ತು ಐವತ್ತು ರೂಪಾಯಿಗಿಂತ ಹೆಚ್ಚಾಗಲಾರದು. ಅದರ ಮೇಲೆ ಐದು ಕಿಲೋಮೀಟರ್ ಓಟವನ್ನು ಪೂರೈಸಿದವರು ಎಂಬ ಅರ್ಥದ ಅಕ್ಷರಗಳಿವೆ. ಈ ಲೇಖನ ಆ ಅಕ್ಷರಗಳನ್ನು ಕುರಿತದ್ದು. ಇಷ್ಟು ಅಲ್ಪ ವಿಷಯವನ್ನು ಹಿಡಿದುಕೊಂಡು ಇವನು ನಮ್ಮ ಸಮಯವನ್ನೇಕೆ ತೆಗೆದುಕೊಳ್ಳುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ಹಾಗೆ ಅನ್ನಿಸುವುದು ಸರಿಯೋ ತಪ್ಪೋ ಎಂಬುದೇ ನಾನು ನಿಮ್ಮ ಮುಂದೆ ಇಡಬಯಸುವ ಪ್ರಶ್ನೆ.

ಕಳೆದ ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ಮೈಸೂರಿನಲ್ಲಿ ಒಂದು ಓಟವಿತ್ತು. ಸ್ಪರ್ಧೆಯಲ್ಲ, ಸಂತೋಷಕ್ಕಾಗಿ ಓಡುವ ಓಟ. ಇಂಗ್ಲಿಷಿನಿಂದ ಬಂದು ಈಗ ನಮ್ಮ ಊರುಗಳಲ್ಲೂ ಎಲ್ಲರ ಬಾಯಲ್ಲಿರುವ ಹೆಸರಿನಲ್ಲಿ ಹೇಳುವುದಾದರೆ ಫನ್ ರನ್. ಓವಲ್ ಮೈದಾನದಿಂದ ಹೊರಟು, ಹುಣಸೂರು ರಸ್ತೆಯಲ್ಲಿ ಎರಡೂವರೆ ಕಿಲೋಮೀಟರ್ ಸಾಗಿ, ಅಲ್ಲಿ ತಿರುಗಿ ಅದೇ ರಸ್ತೆಯ ಇನ್ನೊಂದು ಬದಿಯಲ್ಲಿ ಮೈದಾನಕ್ಕೆ ಮರಳಬೇಕು. ನನಗೆ ಅರವತ್ತಮೂರು ವರ್ಷ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಓಡಿ ಅಭ್ಯಾಸವಿಲ್ಲ, ದಿನಕ್ಕೊಮ್ಮೆ ಹಾಲಿನ ಅಂಗಡಿಯವರೆಗೆ ನಡೆಯುವುದೇ ನನ್ನ ವ್ಯಾಯಾಮ. ಆದರೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೇ ಬಂದು, "ಸಾರ್, ನಡ್ಕೊಂಡೇ ಬನ್ನಿ, ಯಾರೂ ಕೇಳಲ್ಲ" ಎಂದು ಹೆಸರು ಬರೆದುಕೊಂಡು, ಒಂದು ಬಿಳಿಯ ಟೀ ಶರ್ಟನ್ನೂ ಸಂಖ್ಯೆ ಬರೆದ ಚೀಟಿಯನ್ನೂ ನಾಲ್ಕು ಪಿನ್ನುಗಳನ್ನೂ ಕೊಟ್ಟು ಹೋದ. ಟೀ ಶರ್ಟು ಒಂದು ಅಳತೆ ದೊಡ್ಡದಿತ್ತು. ನನ್ನ ಮೂರನೆಯ ತರಗತಿಯ ಮೊಮ್ಮಗಳು ರಾತ್ರಿಯೇ ಆ ಚೀಟಿಯನ್ನು ಅದರ ಎದೆಗೆ ಪಿನ್ನು ಹಾಕಿ ಸಿಕ್ಕಿಸಿಟ್ಟಳು.

ರಜಾದಿನದ ಬೆಳಗಿಗೆ ಒಂದು ವಿಶೇಷ ಗುಣವಿದೆ. ಕೆಲಸದ ದಿನ ಆರು ಗಂಟೆಗೆ ಎದ್ದು ಓಡುವವನನ್ನು ಯಾವುದೋ ಅಗತ್ಯ ಓಡಿಸುತ್ತಿರುತ್ತದೆ: ಬಸ್ಸು, ಕಚೇರಿ, ನೀರಿನ ಸರದಿ. ರಜೆಯ ದಿನ ಎದ್ದು ಬಂದವರನ್ನು ಯಾರೂ ಅಟ್ಟಿರುವುದಿಲ್ಲ. ಅಂದು ಮೈದಾನದಲ್ಲಿ ಸೇರಿದ್ದ ಜನರ ಮುಖದಲ್ಲಿ ಅದು ಕಾಣುತ್ತಿತ್ತು. ಜನವರಿಯ ಚಳಿ, ತೆಳುವಾದ ಮಂಜು. ಎನ್.ಸಿ.ಸಿ. ಹುಡುಗರು, ಮಫ್ಲರ್ ಸುತ್ತಿಕೊಂಡ ನಿವೃತ್ತರು, ತಲೆಗೆ ದುಪಟ್ಟಾ ಬಿಗಿದ ಕಾಲೇಜು ಹುಡುಗಿಯರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆ, ಸೀರೆಯ ಮೇಲೆಯೇ ಟೀ ಶರ್ಟು ತೊಟ್ಟ ನಾಲ್ಕಾರು ಹೆಂಗಸರು. ರಾಷ್ಟ್ರಗೀತೆ ಮುಗಿದ ಕೂಡಲೇ ಸೀಟಿ ಊದಿದರು. ಯಾರು ಮೊದಲು ಹೊರಟರು ಎಂದು ನೋಡುವವರೂ ಇರಲಿಲ್ಲ.

ಇಂತಹ ಓಟಗಳನ್ನು ನಮ್ಮ ಪತ್ರಿಕೆಗಳು ಮರುದಿನ 'ಮ್ಯಾರಥಾನ್' ಎಂದು ವರದಿ ಮಾಡುತ್ತವೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್, ಗಣಿತದ ಮೇಷ್ಟರಾಗಿ ಇಷ್ಟನ್ನಾದರೂ ತಿದ್ದದಿದ್ದರೆ ನನಗೆ ಸಮಾಧಾನವಿಲ್ಲ. ರಜೆಯ ಬೆಳಿಗ್ಗೆ ಊರಿನವರೆಲ್ಲ ಕೂಡಿ ಓಡುವ ಪದ್ಧತಿ ನಾವು ಭಾವಿಸುವುದಕ್ಕಿಂತ ಹಳೆಯದು. ಅಮೆರಿಕದ ಬಫಲೋ ನಗರದಲ್ಲಿ 1896ರ ಕೃತಜ್ಞತಾ ದಿನದ ಬೆಳಿಗ್ಗೆ, ಹಬ್ಬದೂಟಕ್ಕೆ ಮುಂಚೆ, ಅಲ್ಲಿನ ವೈ.ಎಂ.ಸಿ.ಎ. ಏರ್ಪಡಿಸಿದ ಎಂಟು ಕಿಲೋಮೀಟರ್ ಓಟದಲ್ಲಿ ಓಡಿದವರು ಆರೇ ಆರು ಮಂದಿ. ಇಂದು ಅದೇ ದಿನ ಅದೇ ಊರಿನಲ್ಲಿ ಸಾವಿರಾರು ಜನ ಓಡುತ್ತಾರೆ. ನಮ್ಮ ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದ ಜೊತೆಗೂ 'ಮಜಾ ರನ್' ಎಂಬ ವಿಭಾಗವಿದೆ. ಅಲ್ಲಿ ಗೆಲ್ಲಲೆಂದು ಓಡುವವರು ಬೇರೆ, ನಲಿಯಲೆಂದು ಓಡುವವರು ಬೇರೆ.

ನಾನು ಮೊದಲ ಇನ್ನೂರು ಮೀಟರನ್ನು ನಿಜಕ್ಕೂ ಓಡಿದೆ. ನಂತರ ನಡೆದೆ. ಕಲಾಮಂದಿರದ ಬಳಿ ಬರುವಾಗ ಮಂಜು ಕರಗಿ, ಕುಕ್ಕರಹಳ್ಳಿ ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಕುವೆಂಪು ಅವರ ವಾಯುವಿಹಾರದಿಂದಾಗಿ ಕನ್ನಡಿಗರಿಗೆಲ್ಲ ಪರಿಚಿತವಾದ ಕೆರೆ. ದಿನವೂ ಬಸ್ಸು ಕಾರುಗಳ ಗದ್ದಲದಲ್ಲಿ ದಾಟುತ್ತಿದ್ದ ಆ ರಸ್ತೆಯ ನಟ್ಟನಡುವೆ ನಿರ್ಭಯವಾಗಿ ನಡೆಯುವಾಗ, ನನ್ನದೇ ಊರನ್ನು ಯಾರೋ ನನಗೆ ಹೊಸದಾಗಿ ಕೈಗಿತ್ತಂತೆ ಭಾಸವಾಯಿತು. ಪರಿಚಯವಿಲ್ಲದವರು ನಕ್ಕು ಮುಂದೆ ಹೋಗುತ್ತಿದ್ದರು. ಎದುರು ಬದಿಯಲ್ಲಿ ಅದಾಗಲೇ ತಿರುಗಿ ಬರುತ್ತಿದ್ದ ಹುಡುಗರು, "ಬನ್ನಿ ಅಂಕಲ್, ಬನ್ನಿ!" ಎಂದು ಕೈಬೀಸುತ್ತಿದ್ದರು. ಎಷ್ಟೋ ವರ್ಷಗಳಿಂದ ನಾನು ಅಷ್ಟು ಹಗುರಾಗಿರಲಿಲ್ಲ.

ಅಲ್ಲಿಂದ ಸುಮಾರು ಮುಕ್ಕಾಲು ಕಿಲೋಮೀಟರ್ ಮುಂದೆ ರಸ್ತೆಯ ವಿಭಜಕದಲ್ಲಿ ಒಂದು ಸಂದಿಯಿತ್ತು. ನನ್ನ ಬಲ ಮೊಣಕಾಲು ಆಗಲೇ ಗೊಣಗಲು ಶುರುಮಾಡಿತ್ತು. ಮುಂದೆ ಹೋಗುತ್ತಿದ್ದ ಐದಾರು ಜನ ಆ ಸಂದಿಯಲ್ಲಿ ನುಸುಳಿ ಆಚೆ ಬದಿಗೆ ಸೇರಿಕೊಂಡರು. ಅಲ್ಲಿ ನಿಂತಿದ್ದ ಸ್ವಯಂಸೇವಕ ಹುಡುಗ ಅವರನ್ನು ತಡೆಯಲಿಲ್ಲ. ನಾನು ಅವನ ಮುಖ ನೋಡಿದೆ. ನನ್ನ ನರೆಗೂದಲನ್ನು ನೋಡಿ ಅವನಿಗೆ ಕನಿಕರ ಬಂದಿರಬೇಕು. "ಸಾರ್, ನೀವೂ ಇಲ್ಲೇ ತಿರುಗ್ಕೊಳ್ಳಿ. ಫನ್ ರನ್ ತಾನೆ, ಏನೂ ಆಗಲ್ಲ" ಎಂದ. ತಿರುಗುವ ಜಾಗ ಇನ್ನೂ ಆರೇಳು ನೂರು ಮೀಟರ್ ಮುಂದಿತ್ತು. ನಾನು ತಿರುಗಿಬಿಟ್ಟೆ. ಮನಸ್ಸಿನೊಳಗೆ ಹೋರಾಟ ನಡೆಯಿತೆಂದು ಬರೆದರೆ ಅದು ಕಥೆಯಾದೀತು. ಹೋರಾಟ ಗೀರಾಟ ಏನೂ ನಡೆಯಲಿಲ್ಲ. ಇನ್ನೊಂದು ಬದಿಗೆ ಬಂದ ಮೇಲೆ ಎದುರಿನಿಂದ ಬರುತ್ತಿದ್ದ ಹೆಂಗಸರ ಕಡೆ ನಾನೂ ಕೈಬೀಸಿ, "ಬನ್ನಿ ಅಮ್ಮಾ, ಬನ್ನಿ!" ಎಂದು ಹುರಿದುಂಬಿಸಿದೆ. ಅದನ್ನು ನೆನೆದರೆ ಈಗ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ಮೈದಾನದ ಕಮಾನಿನ ಕೆಳಗೆ ಸಾಲಾಗಿ ನಿಂತು ಬಂದವರಿಗೆಲ್ಲ ಕೊರಳಿಗೆ ಪದಕ ಹಾಕುತ್ತಿದ್ದರು. ನನ್ನ ಕೊರಳಿಗೂ ಹಾಕಿದರು. ನಾನು ತಲೆ ಬಾಗಿಸಿದೆ. ಆಮೇಲೆ ಅಡಿಕೆಯ ಹಾಳೆಯ ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ನಾನು ಕಲ್ಲುಬೆಂಚಿನ ಮೇಲೆ ಕುಳಿತು ತಿನ್ನುತ್ತಿದ್ದಾಗ, ಸಾಲೆಲ್ಲ ಕರಗಿ ಬಹಳ ಹೊತ್ತಾದ ಮೇಲೆ, ಸೀರೆಯ ಮೇಲೆ ಟೀ ಶರ್ಟು ತೊಟ್ಟ ಒಬ್ಬ ಹೆಂಗಸು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಐವತ್ತರ ಆಸುಪಾಸಿನವರು, ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆ ಮಾಡುವವರೆಂದು ಮಾತಿನಲ್ಲಿ ತಿಳಿಯಿತು. ಅವರಿಗೂ ಪದಕ ಸಿಕ್ಕಿತು. ನನ್ನ ಪಕ್ಕದಲ್ಲಿ ಕುಳಿತು ಪಾದಗಳನ್ನು ತಿಕ್ಕಿಕೊಳ್ಳುತ್ತಾ, ಬಹು ದಿನದ ಪರಿಚಿತರಂತೆ ಕೇಳಿದರು: "ನಿಮ್ಗೂ ಕಿತ್ತಳೆ ಸಿಕ್ತಾ ಸಾರ್? ಆ ತುದೀಲಿ ಹೆಣ್ಣುಮಕ್ಳು ಬಿಡಿಸಿ ಬಿಡಿಸಿ ಕೊಡ್ತಿದ್ರಲ್ಲ. ಎಷ್ಟ್ ಸೀ ಇತ್ತು ಅಲ್ವಾ?"

ತಿರುವಿನ ಬಳಿ ಕಿತ್ತಳೆಯ ತೊಳೆಗಳನ್ನು ಹಂಚುತ್ತಿದ್ದರೆಂಬುದು ನನಗೆ ಗೊತ್ತಾದದ್ದೇ ಆಗ. ನಾನು, "ಹೂಂ, ತುಂಬಾ ಸಿಹಿ" ಎಂದೆ.

ಮನೆಗೆ ಬಂದಾಗ ಮೊಮ್ಮಗಳು ಧ್ವಜಾರೋಹಣಕ್ಕೆ ಬಿಳಿಯ ಸಮವಸ್ತ್ರ ತೊಟ್ಟು ನಿಂತಿದ್ದಳು. ಪದಕವನ್ನು ತನ್ನ ಕೊರಳಿಗೆ ಹಾಕಿಕೊಂಡು ಓದಿದಳು. "ತಾತ, ಐದು ಕಿಲೋಮೀಟರೂ ಪೂರ್ತಿ ಹೋದ್ರಾ?" ಅವಳಿಗೆ ಅನುಮಾನವಿರಲಿಲ್ಲ, ಅಭಿಮಾನವಿತ್ತು. "ಹೂಂ ಪುಟ್ಟಿ" ಎಂದೆ. ಅವಳು ಆ ಪದಕವನ್ನು ಶಾಲೆಗೆ ಒಯ್ದು ಗೆಳತಿಯರಿಗೆಲ್ಲ ತೋರಿಸಿ, ಮಧ್ಯಾಹ್ನ ತಂದು ಕ್ಯಾಲೆಂಡರಿನ ಮೊಳೆಗೆ ತಗುಲಿಹಾಕಿದಳು.

ವಾಚಕರೇ, ನಡೆದದ್ದು ಇಷ್ಟೇ. ಎರಡು ದಿನ ಕಳೆದ ಮೇಲೂ ಮನಸ್ಸು ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಚುಚ್ಚುತ್ತಿದ್ದುದರಿಂದ ಬ್ಯಾಂಕಿನಿಂದ ನಿವೃತ್ತರಾದ ನನ್ನ ಗೆಳೆಯರೊಬ್ಬರಲ್ಲಿ ಇದನ್ನು ಹೇಳಿಕೊಂಡೆ. ಅವರು ಬಿದ್ದು ಬಿದ್ದು ನಕ್ಕರು. ಅವರ ವಾದ ಸರಳವಾಗಿತ್ತು, ಬಲವಾಗಿಯೂ ಇತ್ತು. ಮೋಸವೆಂದರೆ ಯಾರಿಗಾದರೂ ಮೋಸವಾಗಿರಬೇಕು. ಇಲ್ಲಿ ಮೊದಲನೆಯವನಿಲ್ಲ, ಎರಡನೆಯವನಿಲ್ಲ, ಬಹುಮಾನದ ಹಣವಿಲ್ಲ. ನೀವು ಯಾರ ಸ್ಥಾನವನ್ನೂ ಕಸಿಯಲಿಲ್ಲ. ಪದಕಗಳು ಕೊರತೆಯಾಗಲಿಲ್ಲ. ನಿಯಮವನ್ನು ಕಾಯಬೇಕಾದ ಹುಡುಗನೇ ತಿರುಗಿ ಎಂದ. ಹಾಗಿರುವಾಗ ಯಾರಿಗೆ ಏನು ನಷ್ಟವಾಯಿತು, ಹೇಳಿ ನೋಡೋಣ?

ಮೂವತ್ತನಾಲ್ಕು ವರ್ಷ ನನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದ ಒಂದು ಉತ್ತರ ಆಗ ಕೈಗೆ ಬಂತು. ಪರೀಕ್ಷೆಯ ಕೊಠಡಿಯಲ್ಲಿ ನಕಲು ಮಾಡುವ ಹುಡುಗನನ್ನು ಹಿಡಿದಾಗಲೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: ನೀನು ನನಗೆ ಮೋಸ ಮಾಡುತ್ತಿಲ್ಲಪ್ಪ, ನಿನಗೆ ನೀನೇ ಮಾಡಿಕೊಳ್ಳುತ್ತಿದ್ದೀಯೆ. ಈಗ ಆ ಮಾತನ್ನು ನನ್ನ ಮೇಲೆಯೇ ಪ್ರಯೋಗಿಸಿ ನೋಡಿದಾಗ ಅದು ಪೊಳ್ಳೆನಿಸಿತು. ನಾನೇನು ಕಳೆದುಕೊಂಡೆ? ಒಂದೂವರೆ ಕಿಲೋಮೀಟರ್ ನಡಿಗೆ. ಮೊಣಕಾಲಿಗೆ ಅದರಿಂದ ಲಾಭವೇ ಆಯಿತು. ಆ ಹುಡುಗರೂ ನನ್ನ ಮಾತನ್ನು ನಂಬಿರಲಾರರು. ತಮಗೆ ತಾವು ಮೋಸ ಮಾಡಿಕೊಂಡವರು ಅಂಕಪಟ್ಟಿ ಹಿಡಿದು ಸುಖವಾಗಿ ಹೋದದ್ದನ್ನು ಅವರು ನೋಡಿದ್ದರು.

ಹಾಗಾದರೆ ಉತ್ತರ ಬೇರೆಲ್ಲೋ ಇರಬೇಕು. ಓಟದ ಇತಿಹಾಸದಲ್ಲಿ ಸುಳ್ಳಿಗೆ ದೊಡ್ಡ ಅಧ್ಯಾಯವೇ ಇದೆ. ಪ್ರಾಚೀನ ಗ್ರೀಸಿನ ಒಲಿಂಪಿಯಾದಲ್ಲಿ ಕ್ರಿ.ಪೂ. 388ರ ಕ್ರೀಡಾಕೂಟದಲ್ಲಿ ಯೂಪೋಲಸ್ ಎಂಬ ಮುಷ್ಟಿಕಾಳಗದವನು ಎದುರಾಳಿಗಳಿಗೆ ಹಣ ಕೊಟ್ಟು ಗೆದ್ದದ್ದು ಬಯಲಾದಾಗ, ತಪ್ಪಿತಸ್ಥರು ತೆತ್ತ ದಂಡದ ಹಣದಿಂದ ಸ್ಯೂಸ್ ದೇವತೆಯ ಆರು ಕಂಚಿನ ಪ್ರತಿಮೆಗಳನ್ನು ಮಾಡಿಸಿ, ಕ್ರೀಡಾಂಗಣಕ್ಕೆ ಹೋಗುವ ದಾರಿಯ ಬದಿಯಲ್ಲಿ ನಿಲ್ಲಿಸಿದರು. ಒಳಗೆ ಕಾಲಿಡುವ ಪ್ರತಿಯೊಬ್ಬನೂ ಅವುಗಳನ್ನು ನೋಡಿಕೊಂಡೇ ಹೋಗಬೇಕಿತ್ತು. ಪ್ರತಿಮೆಗಳು ಅಳಿದುಹೋಗಿವೆ, ಅವುಗಳ ಕಲ್ಲಿನ ಪೀಠಗಳು ಇಂದಿಗೂ ಇವೆ. ಇನ್ನೊಂದು ಪ್ರಸಂಗ 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನದು. ಮ್ಯಾರಥಾನ್ ಓಟಗಾರ ಫ್ರೆಡ್ ಲಾರ್ಜ್ ಸುಮಾರು ಹದಿನಾಲ್ಕು ಕಿಲೋಮೀಟರ್ ಓಡಿ ಬಳಲಿ, ಜೊತೆಯಲ್ಲಿ ಬರುತ್ತಿದ್ದ ಮೋಟಾರು ಕಾರು ಹತ್ತಿ ಹದಿನೇಳು ಕಿಲೋಮೀಟರಿನಷ್ಟು ದೂರ ಕುಳಿತು ಬಂದು, ಕಾರು ಕೆಟ್ಟು ನಿಂತಾಗ ಇಳಿದು ಓಡಿ ಕ್ರೀಡಾಂಗಣ ಸೇರಿದ. ಜನ ಅವನನ್ನೇ ವಿಜಯಿಯೆಂದು ಕೊಂಡಾಡಿದರು. ನಿಜ ಹೊರಬಿದ್ದಾಗ ಅವನು ಕೊಟ್ಟ ಸಮಜಾಯಿಷಿ ಏನು ಗೊತ್ತೇ? ಅದು ತಮಾಷೆಗಾಗಿ ಮಾಡಿದ್ದು ಎಂಬುದು. (ನಿಜವಾಗಿ ಗೆದ್ದ ಥಾಮಸ್ ಹಿಕ್ಸ್‌ಗೆ ಅವನ ಕಡೆಯವರು ದಾರಿಯಲ್ಲಿ ಸ್ಟ್ರಿಕ್ನೈನ್ ಎಂಬ ವಿಷವನ್ನು ಬ್ರಾಂದಿಯಲ್ಲಿ ಬೆರೆಸಿ ಉತ್ತೇಜಕವಾಗಿ ಕುಡಿಸಿದ್ದರು, ಅಂದಿನ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಆ ಓಟದಲ್ಲಿ ಪೂರ್ಣ ನಿರ್ಮಲರನ್ನು ಹುಡುಕುವುದು ಕಷ್ಟ.)

ಲಾರ್ಜ್‌ನ ತಮಾಷೆಯಿಂದ ನೊಂದವರು ಇದ್ದರು. ಹಿಂದೆ ಬರುತ್ತಿದ್ದವನ ಕಿರೀಟವನ್ನು ಅವನು ಕೆಲವು ನಿಮಿಷಗಳಾದರೂ ಕಸಿದಿದ್ದ. ಸ್ಪರ್ಧೆಯಲ್ಲಿ ಕಾಯುವುದಕ್ಕೆ ಒಂದು ಸ್ಥಾನವಿರುತ್ತದೆ. ಆದ್ದರಿಂದ ಕಾಯುವ ವ್ಯವಸ್ಥೆಯೂ ಇರುತ್ತದೆ. ಇಂದಿನ ದೊಡ್ಡ ಓಟಗಳಲ್ಲಿ ಓಟಗಾರನ ಎದೆಯ ಚೀಟಿಯ ಹಿಂದೆ ಒಂದು ಚಿಪ್ ಅಂಟಿಸಿರುತ್ತಾರೆ. ಆರಂಭದಲ್ಲಿ, ತಿರುವಿನಲ್ಲಿ, ಕೊನೆಯಲ್ಲಿ ನೆಲಕ್ಕೆ ಹಾಸಿದ ಚಾಪೆಯಂಥ ಯಂತ್ರವನ್ನು ದಾಟಿದಾಗ ಅದು ಗುರುತು ಹಿಡಿಯುತ್ತದೆ. ಒಂದು ಚಾಪೆ ತಪ್ಪಿದರೂ ಅವನ ಹೆಸರಿನ ಮುಂದೆ ಪ್ರಶ್ನೆ ಏಳುತ್ತದೆ. ಅಲ್ಲಿ ಓಟಗಾರನ ಸತ್ಯವನ್ನು ಯಂತ್ರ ಕಾಯುತ್ತದೆ. ನಮ್ಮ ಹುಣಸೂರು ರಸ್ತೆಯ ಓಟದಲ್ಲಿ ಚಾಪೆಯೂ ಇರಲಿಲ್ಲ, ಕಂಚಿನ ಪ್ರತಿಮೆಯೂ ಇರಲಿಲ್ಲ. ಕಾಯುವುದಕ್ಕೆ ಏನೂ ಇಲ್ಲವೆಂದು ಎಲ್ಲರೂ ಒಪ್ಪಿದ್ದರು. ನಿಜಕ್ಕೂ ಏನೂ ಇರಲಿಲ್ಲವೇ?

ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಆಟವೆಂದರೇನು ಎಂದು ವಿಚಾರ ಮಾಡಿದ್ದಾರೆ. ಚೆಂಡನ್ನು ಕುಳಿಯೊಳಗೆ ಹಾಕುವುದೇ ಗಾಲ್ಫಿನ ಉದ್ದೇಶವಾದರೆ ಅದನ್ನು ಕೈಯಲ್ಲಿ ಒಯ್ದು ಹಾಕಬಹುದಲ್ಲ? ಹಾಗೆ ಯಾರೂ ಮಾಡುವುದಿಲ್ಲ. ಆಟವೆಂದರೆ ಅನಗತ್ಯವಾದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಯತ್ನಿಸುವುದು ಎಂಬುದು ಅವರ ವಿವರಣೆಯ ಸಾರ. ಇದನ್ನು ನನ್ನ ಓಟಕ್ಕೆ ಅನ್ವಯಿಸಿ ನೋಡಿ. ಓವಲ್ ಮೈದಾನದಿಂದ ಓವಲ್ ಮೈದಾನಕ್ಕೇ ಬರಬೇಕಾಗಿದ್ದರೆ ನಾನು ಅಲ್ಲಿಂದ ಕದಲುವುದೇ ಬೇಕಿರಲಿಲ್ಲ. ಆ ಎರಡೂವರೆ ಕಿಲೋಮೀಟರ್ ದೂರದ ತಿರುವು ಸಂಪೂರ್ಣ ಅನಗತ್ಯವಾದದ್ದು. ಅನಗತ್ಯವಾದದ್ದರಿಂದಲೇ ಅದು ಅಂದಿನ ಆಟದ ಜೀವ. ಪೈಪೋಟಿಯ ಓಟದಲ್ಲಿ ದಾರಿಯನ್ನು ತೆಗೆದರೂ ಗೆಲುವು, ಹಣ, ಕೀರ್ತಿ ಎಂಬ ಏನೋ ಒಂದು ಉಳಿಯುತ್ತದೆ. ಕಳ್ಳತನದ್ದಾದರೂ ಅದು ಕೈಯಲ್ಲಿರುತ್ತದೆ. ಸಂತೋಷದ ಓಟದಲ್ಲಿ ದಾರಿಯನ್ನು ತೆಗೆದರೆ ಉಳಿಯುವುದು ಉಪ್ಪಿಟ್ಟು ಮಾತ್ರ. 'ಬರೀ ಫನ್ ರನ್ ತಾನೆ' ಎಂಬ ಮಾತಿನಲ್ಲಿರುವ ತಪ್ಪು ಇದೇ ಎಂದು ನನಗೆ ತೋರಿತು. ಗೆಲುವು ಇಲ್ಲದ ಕಡೆ ಪ್ರಾಮಾಣಿಕತೆಯ ಬೇಡಿಕೆ ಕಡಿಮೆಯಾಗುವುದಿಲ್ಲ. ಅಲ್ಲಿ ಬೇರೆ ಯಾವುದೂ ಇಲ್ಲದಿರುವುದರಿಂದ ಎಲ್ಲವೂ ಅದರ ಮೇಲೆಯೇ ನಿಂತಿರುತ್ತದೆ.

ಸಂತ ಪೌಲರು ಕೊರಿಂಥದ ಸಭೆಗೆ ಬರೆದಾಗ ಓಟದ ಹೋಲಿಕೆಯನ್ನು ಬಳಸಿದ್ದು ನಿಮಗೆ ತಿಳಿದಿದೆ. ಆ ಊರಿನ ಹತ್ತಿರದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯದ ಕ್ರೀಡೆಗಳು ನಡೆಯುತ್ತಿದ್ದುದರಿಂದ ಅಲ್ಲಿನವರಿಗೆ ಅದು ಕಣ್ಣೆದುರಿನ ಚಿತ್ರ. ಅಲ್ಲಿ ಓಡುವವರು ಹಲವರು, ಕಿರೀಟ ಒಬ್ಬನಿಗೆ. ಆ ಕಿರೀಟವೋ ಬಾಡಿಹೋಗುವ ಎಲೆಗಳದ್ದು. ನಾನು ಎಷ್ಟೋ ವರ್ಷ ಆ ಹೋಲಿಕೆಯನ್ನು ಕೇಳಿದ್ದೇನೆ. ಆದರೆ ಎಲ್ಲರಿಗೂ ಒಂದೇ ಪದಕ ಕೊಡುವ ಓಟದ ಕಷ್ಟ ಅದರಲ್ಲಿ ಬರುವುದಿಲ್ಲ. ಒಬ್ಬನಿಗೇ ಕೊಟ್ಟಾಗ ಆ ಕಿರೀಟ ಅವನನ್ನು ಉಳಿದವರಿಂದ ಬೇರ್ಪಡಿಸುತ್ತದೆ. ಎಲ್ಲರಿಗೂ ಕೊಟ್ಟಾಗ ಅದು ಅವರನ್ನು ಒಂದುಗೂಡಿಸುತ್ತದೆ: ನೀನು ಹೋದಲ್ಲಿಗೆ ನಾನೂ ಹೋಗಿದ್ದೆ, ನೀನು ಪಟ್ಟದ್ದನ್ನು ನಾನೂ ಪಟ್ಟಿದ್ದೆ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಆ ಅಡುಗೆಯ ತಾಯಿ ನನ್ನ ಪಕ್ಕದಲ್ಲಿ ಬಂದು ಕುಳಿತದ್ದು ಆ ಸಾಕ್ಷಿಯನ್ನು ನಂಬಿ. ಬೇರೆ ದಿನಗಳಲ್ಲಿ ಅವರು ಒಬ್ಬ ಮೇಷ್ಟರ ಪಕ್ಕದಲ್ಲಿ ಅಷ್ಟು ಸಲೀಸಾಗಿ ಕುಳಿತುಕೊಳ್ಳುತ್ತಿದ್ದರೋ ಇಲ್ಲವೋ. ಅಂದು ಇಬ್ಬರ ಕೊರಳಲ್ಲೂ ಒಂದೇ ಬಿಲ್ಲೆಯಿತ್ತು. ಕಿತ್ತಳೆಯ ರುಚಿಯ ಬಗೆಗಿನ ಅವರ ಪ್ರಶ್ನೆ ನನ್ನೊಡನೆ ಹಂಚಿಕೊಳ್ಳಲು ತಂದ ಒಂದು ತುತ್ತು. ನಾನು ಅದನ್ನು ಖಾಲಿ ಬಾಯಿಂದ ಚಪ್ಪರಿಸಿ ತೋರಿಸಿದೆ. ನಷ್ಟ ಯಾರಿಗೆ ಎಂದು ನನ್ನ ಗೆಳೆಯರು ಕೇಳಿದ್ದರಲ್ಲ, ಅವರಿಗೆ ನಾನು ಕೊಡಬಲ್ಲ ಉತ್ತರ ಇದು. ಆ ತಾಯಿಗೆ ಇದು ಎಂದೂ ತಿಳಿಯುವುದಿಲ್ಲ. ತಿಳಿಯದಿದ್ದರೆ ನಷ್ಟವಿಲ್ಲವೆಂದು ನೀವು ಹೇಳುವುದಾದರೆ, ನಿಮಗೆ ತಿಳಿಯದಂತೆ ಯಾರಾದರೂ ನಿಮ್ಮೊಡನೆ ಸುಳ್ಳು ಸ್ನೇಹ ನಟಿಸಿದರೆ ಅದನ್ನೂ ಒಪ್ಪುತ್ತೀರಾ ಎಂದು ಕೇಳಬೇಕಾಗುತ್ತದೆ.

ತಮಾಷೆಯ ಸುಳ್ಳನ್ನು ಕುರಿತು ಹಿರಿಯರು ಯೋಚಿಸದೆ ಬಿಟ್ಟಿಲ್ಲ. ಸಂತ ಅಗಸ್ಟೀನರು ಸುಳ್ಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಯಾರಿಗೂ ಕೇಡಾಗದ ಸುಳ್ಳನ್ನೂ ಸುಳ್ಳೆಂದೇ ಎಣಿಸಿದರು. ಸಂತ ತೋಮಸ್ ಅಕ್ವಿನಾಸರು ಕೇಡಿನ ಸುಳ್ಳು, ಉಪಕಾರದ ಸುಳ್ಳು, ವಿನೋದದ ಸುಳ್ಳು ಎಂದು ಮೂರಾಗಿ ನೋಡಿ, ಕೊನೆಯ ಎರಡನ್ನು ಲಘುವಾದುವೆಂದರು. ಅದೇ ಅಕ್ವಿನಾಸರು ಆಟ, ನಗು, ವಿನೋದಗಳನ್ನು ಮನಸ್ಸಿನ ವಿಶ್ರಾಂತಿಯೆಂದು ಸಮರ್ಥಿಸಿದ್ದಾರೆ. ತಾನೂ ನಗದೆ, ನಗುವವರ ಸಂತೋಷವನ್ನೂ ಕೆಡಿಸುವವನಲ್ಲಿ ದೋಷ ಕಂಡಿದ್ದಾರೆ. ಆ ಮಾತು ನನ್ನನ್ನು ಎಚ್ಚರಿಸಿತು. ಒಂದು ರಜೆಯ ಬೆಳಗಿನ ನಲಿವನ್ನು ಹಿಡಿದು ಜಾಲಾಡುತ್ತಾ ನಾನೇ ಆ ನಗೆಗೇಡಿಯಾಗುತ್ತಿರುವೆನೇ? ಮನಸ್ಸಾಕ್ಷಿ ಹರಿತವಾಗಿರಬೇಕು ನಿಜ, ಆದರೆ ಅತಿ ಹರಿತವಾದ ಕುಡುಗೋಲು ಕೈಯನ್ನೇ ಕೊಯ್ಯುತ್ತದೆ. ನೆಲದಲ್ಲಿ ಅಡ್ಡಾದಿಡ್ಡಿ ಬಿದ್ದ ಎರಡು ಹುಲ್ಲುಕಡ್ಡಿಗಳು ಶಿಲುಬೆಯ ಆಕಾರದಲ್ಲಿದ್ದು, ಅದರ ಮೇಲೆ ತಿಳಿಯದೆ ಕಾಲಿಟ್ಟವನು ಪಾಪ ಮಾಡಿದೆನೆಂದು ಕೊರಗಿದರೆ ಅದು ತಪ್ಪು ಎಣಿಕೆಯೆಂದು ಲೊಯೋಲದ ಸಂತ ಇಗ್ನೇಷಿಯಸ್ ಬರೆದಿದ್ದಾರೆ. ನನ್ನದೂ ಹುಲ್ಲುಕಡ್ಡಿಯ ಶಿಲುಬೆಯೇ ಇರಬಹುದೇ?

ಇದಕ್ಕೆ ಉತ್ತರ ಹುಡುಕಲು ನಾನು ಗಣಿತದವರು ಮಾಡುವಂತೆ ಲೆಕ್ಕವನ್ನು ಹಿಂದಿನಿಂದ ಬಿಡಿಸುತ್ತಾ ಹೋದೆ. ತಪ್ಪು ಯಾವ ಸಾಲಿನಲ್ಲಿ ನುಸುಳಿತು? ಓಡುವ ಬದಲು ನಡೆದದ್ದರಲ್ಲಿ ಏನೂ ಇಲ್ಲ. ನಡೆಯಬಹುದೆಂದು ಹೇಳಿಯೇ ಕರೆದಿದ್ದರು. ವಿಭಜಕದ ಸಂದಿಯಲ್ಲಿ ತಿರುಗಿದ್ದರಲ್ಲಿಯೂ ಇಲ್ಲ. ನೋಯುವ ಮೊಣಕಾಲಿನವನು ಅರ್ಧದಲ್ಲೇ ಹಿಂದಿರುಗಿದರೆ ಅದು ವಿವೇಕ. ನಾನಾಗಿ ಬಂದದ್ದು, ನಾನಾಗಿ ಹೋಗಬಹುದು; ರಜೆಯ ಬೆಳಗಿನ ಸ್ವಾತಂತ್ರ್ಯವೇ ಅದು. ಕಮಾನಿನ ಕೆಳಗೆ ತಲೆ ಬಾಗಿಸಿದಾಗ? ಅಲ್ಲಿ ನನಗೆ ಸ್ವಲ್ಪ ಅನುಮಾನ. "ನಾನು ಪೂರ್ತಿ ಹೋಗಲಿಲ್ಲಮ್ಮ" ಎಂದಿದ್ದರೆ ಆ ಹುಡುಗಿ ನಕ್ಕು, "ಪರವಾಗಿಲ್ಲ ಅಂಕಲ್" ಎಂದು ಹೇಗಿದ್ದರೂ ಹಾಕಿಬಿಡುತ್ತಿದ್ದಳು. ಹಾಗೆ ಹಾಕಿದ್ದರೆ ಅದೇ ಬಿಲ್ಲೆ ಬೇರೆಯದೇ ಆಗಿರುತ್ತಿತ್ತು. ನಾನು ಸುಮ್ಮನಿದ್ದೆ. ಕಿತ್ತಳೆಯ ಪ್ರಶ್ನೆಗೆ ಸುಮ್ಮನಿರಲಾಗಲಿಲ್ಲ, ಹೂಂ ಎಂದೆ. ಮೊಮ್ಮಗಳ ಪ್ರಶ್ನೆಗೆ ಹೂಂ ಎನ್ನುವಾಗ ಅದು ಸುಳ್ಳೆಂದೂ ಅನ್ನಿಸಲಿಲ್ಲ, ಅಷ್ಟರಲ್ಲಿ ಅಭ್ಯಾಸವಾಗಿತ್ತು. ಒಂದು ಗಂಟೆಯೊಳಗೆ ಅಷ್ಟು ದೂರ ಬಂದಿದ್ದೆ. ಎಲ್ಲಿ ದಾಟಿದೆನೆಂದು ಬೆರಳಿಟ್ಟು ತೋರಿಸುವುದು ಇಂದಿಗೂ ನನ್ನಿಂದ ಸಾಧ್ಯವಾಗಿಲ್ಲ. ಹುಲ್ಲುಕಡ್ಡಿಯ ಮೇಲೆ ಕಾಲಿಟ್ಟವನಿಗೂ ನನಗೂ ಇರುವ ವ್ಯತ್ಯಾಸ ಅಷ್ಟೇ: ಅವನು ತಿಳಿಯದೆ ಇಟ್ಟ, ನನಗೆ ಎಲ್ಲ ಹೆಜ್ಜೆಯಲ್ಲೂ ತಿಳಿದಿತ್ತು, ಆದರೆ ಪ್ರತಿ ಹೆಜ್ಜೆಯೂ ನಿಲ್ಲುವುದಕ್ಕೆ ತೀರಾ ಚಿಕ್ಕದೆಂದು ತೋರಿತು.

ಮರುವಾರದ ಭಾನುವಾರ ಮಧ್ಯಾಹ್ನ ಮೊಮ್ಮಗಳನ್ನು ಕರೆದು ಕೂರಿಸಿಕೊಂಡು ಹೇಳಿದೆ. ಹೇಳುವುದು ಕಷ್ಟವಾಗುತ್ತದೆಂದು ತಿಳಿದಿದ್ದೆ. ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ದೊಡ್ಡವರಲ್ಲಿ ಹೇಳಿಕೊಂಡರೆ ಅವರು ನಕ್ಕು ಬಿಡುಗಡೆ ಮಾಡುತ್ತಾರೆ. ಮಕ್ಕಳು ಹಾಗೆ ಮಾಡುವುದಿಲ್ಲ. ಅವಳು ಗೋಡೆಯ ಮೇಲಿನ ಪದಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ನಾನು ಸ್ಕೂಲಲ್ಲಿ ಎಲ್ಲರಿಗೂ ಹೇಳ್ಬಿಟ್ನಲ್ಲಾ ತಾತ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಈಗ ಏನು ಮಾಡುವುದು ಎಂಬ ಚಿಂತೆಯಿತ್ತು. ನನ್ನ ಸುಳ್ಳು ಅವಳ ಬಾಯಿಂದಲೂ ಹೊರಟುಹೋಗಿತ್ತು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದಳು: "ಎಷ್ಟು ಬಾಕಿ ಇದೆ?"

"ಹೋಗಿ ಬರೋಕೆ ಸುಮಾರು ಒಂದೂವರೆ ಕಿಲೋಮೀಟರ್."

"ನಡೀರಿ ಹಾಗಾದ್ರೆ."

ಆ ನಡಿಗೆಯಿಂದ ಎಲ್ಲ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಕಿತ್ತಳೆಯ ತಾಯಿಯನ್ನು ನಾನು ಮತ್ತೆ ಕಂಡಿಲ್ಲ. ಬಾಕಿಯನ್ನು ಬೇರೆ ದಿನ ತೀರಿಸಿದರೆ ಆ ದಿನದ ಪದಕ ನಿಜವಾಗುತ್ತದೆಯೇ ಎಂಬುದೂ ನನಗೆ ಇನ್ನೂ ಬಿಡಿಸಲಾಗದ ಲೆಕ್ಕ. ಆದರೆ ಸಂಜೆ ನಾಲ್ಕೂವರೆಗೆ ನಾವಿಬ್ಬರೂ ವಿಭಜಕದ ಆ ಸಂದಿಯ ಬಳಿ ಆಟೋ ಇಳಿದು, ಪಾದಚಾರಿ ದಾರಿಯಲ್ಲಿ ಮುಂದೆ ನಡೆದೆವು. ಅಂದಿನ ಮೌನದ ರಸ್ತೆ ಈಗ ಬಸ್ಸು, ಬೈಕುಗಳಿಂದ ತುಂಬಿತ್ತು. ಅವಳು ಹೆಜ್ಜೆ ಎಣಿಸುತ್ತಿದ್ದಳು. ಐದುನೂರರ ಬಳಿ ಲೆಕ್ಕ ತಪ್ಪಿತು. ನಾನು ತಿರುವಿನ ಗುರುತಿಗಾಗಿ ಹುಡುಕುತ್ತಿದ್ದೆ. ಅಂದು ಅಲ್ಲಿ ಇಟ್ಟಿದ್ದಿರಬಹುದಾದ ಫಲಕ, ಮೇಜು, ಹಗ್ಗ ಯಾವುದೂ ಇರಲಿಲ್ಲ. ರಸ್ತೆಯನ್ನು ಆಮೇಲೆ ಎಷ್ಟೋ ಬಾರಿ ಗುಡಿಸಿದ್ದರು. ಒಂದು ಕಿತ್ತಳೆಯ ಸಿಪ್ಪೆಯೂ ಉಳಿದಿರಲಿಲ್ಲ.

"ಇಲ್ಲೇನಾ ತಾತ ತಿರುಗೋದು?"

"ಗೊತ್ತಿಲ್ಲ ಪುಟ್ಟಿ. ನಾನು ಇಲ್ಲಿಗೆ ಬಂದೇ ಇರಲಿಲ್ಲವಲ್ಲ."

ಅವಳು ನಿಂತು ಹಿಂದೆ ಮುಂದೆ ನೋಡಿದಳು. ನನ್ನ ಮೊಣಕಾಲು ಆಗಲೇ ಮಾತಾಡತೊಡಗಿತ್ತು. ಮುಂದೆ ಸುಮಾರು ಇನ್ನೂರು ಹೆಜ್ಜೆ ದೂರದಲ್ಲಿ ರಸ್ತೆಯ ಅಂಚಿಗೆ ಒಂದು ದೊಡ್ಡ ಮರವಿತ್ತು.

"ಆ ಮರದ ತನಕ ಹೋಗ್ಬಿಡೋಣ" ಎಂದು ನನ್ನ ಕೈ ಹಿಡಿದುಕೊಂಡಳು.